ಇಳಿಹೊತ್ತಿನ ಕಡವು

ನೆನೆಸಿದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿಚುಕಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಜಾರಿ ತಟ್ಟೆಗೆ ಬೀಳುತ್ತದೆ. ಬಲಿತ ಕಾಳಾದರೆ ಹಾಗೆ ಬೀಳುವುದಿಲ್ಲ, ಚಿಮ್ಮಿ ಗೋಡೆಗೆ ಹೊಡೆಯುತ್ತದೆ. ಅವತ್ತು ನಾನೂ ಅವ್ವನೂ ಹಿತ್ತಲ ಬಾಗಿಲಲ್ಲಿ ಕೂತು ಒಂದು ಬೋಗುಣಿ ಕಾಳು ಹಿಚುಕುತ್ತಿದ್ದೆವು. ಬೇಳೆ ತಟ್ಟೆಗೆ ಬೀಳುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಮುಂದಿನ ಜಗಲಿಯ ಮೇಲೆ ಅಪ್ಪ ಗೋಡೆಗೆ ಒರಗಿ ಕೂತಿದ್ದ. ಅವನ ಮೊಬೈಲು ಪಕ್ಕದಲ್ಲಿ ಬೋರಲು ಬಿದ್ದಿತ್ತು. ಒಂದು ವರ್ಷದಿಂದ ಆ ಹೊತ್ತಿನಲ್ಲಿ ಅದು ಹಾಗೆಯೇ ಬಿದ್ದಿರುತ್ತಿತ್ತು.

ನಮ್ಮೂರಲ್ಲಿ ಸೂರ್ಯ ನೆತ್ತಿ ದಾಟಿದ ಮೇಲೆ ದೀಪ ಹಚ್ಚುವ ತನಕ ಯಾರ ಗಂಟಲಿಂದಲೂ ಮಾತು ಹೊರಡುವುದಿಲ್ಲ. ಆ ಹೊತ್ತಿಗೆ ನಾವು ಇಳಿಹೊತ್ತು ಎನ್ನುತ್ತೇವೆ. ಮದುವೆಯ ಮುಹೂರ್ತ, ಪಂಚಾಯಿತಿ, ಶಾಲೆಯ ಪಾಠ ಎಲ್ಲವೂ ಬೆಳಗಿನಲ್ಲೇ ಮುಗಿಯಬೇಕು. ಜಗಳವೂ ಅಷ್ಟೇ. ನಡುವೆ ಹೊತ್ತು ಇಳಿದರೆ ಇಬ್ಬರೂ ಎತ್ತಿದ ಕೈ ಇಳಿಸಿ ಮನೆಗೆ ಹೋಗುತ್ತಾರೆ. ದೀಪ ಹಚ್ಚಿದ ಮೇಲೆ ಮುಂದುವರಿಸೋಣವೆಂದರೆ ಅಷ್ಟರಲ್ಲಿ ಒಬ್ಬರಿಗಾದರೂ ಹಸಿವಾಗಿರುತ್ತದೆ. ಬಸ್ಸಿನ ಕಂಡಕ್ಟರು ಸೇತುವೆ ದಾಟುವ ಮುಂಚೆಯೇ ಎಲ್ಲರನ್ನೂ ಎಲ್ಲಿಗೆಂದು ಕೇಳಿ ಮುಗಿಸುತ್ತಾನೆ. ತೊಟ್ಟಿಲ ಮಗು ಅತ್ತರೂ ಕೇಳಿಸುವುದಿಲ್ಲವೆಂದು ಬಾಣಂತಿಯರು ಅದರ ಕಾಲಿಗೆ ಗೆಜ್ಜೆ ಕಟ್ಟುತ್ತಾರೆ. ನಾಯಿ ಬೊಗಳುತ್ತದೆ, ಕುಕ್ಕರ್ ಕೂಗುತ್ತದೆ, ನಾವು ಮಾತ್ರ ಸುಮ್ಮನಿರುತ್ತೇವೆ. ಸನ್ನೆಯಲ್ಲಿ ಉಪ್ಪು ಕೇಳಬಹುದು, ನೀರು ಕೇಳಬಹುದು, ಬಾ ಅನ್ನಬಹುದು, ಹೋಗು ಅನ್ನಬಹುದು. ಅದಕ್ಕಿಂತ ಉದ್ದದ್ದು ಸನ್ನೆಗೆ ಸಿಕ್ಕುವುದಿಲ್ಲ. ಬರೆದು ತೋರಿಸುವಂತೆಯೂ ಇಲ್ಲ. ಇಳಿಹೊತ್ತಿನಲ್ಲಿ ಮನೆಯವರ ಕೈಗೆ ಚೀಟಿ ಕೊಟ್ಟರೆ ಯಾರೋ ತೀರಿಕೊಂಡರು ಎಂದು ಅರ್ಥ. ಮೊಬೈಲು ಬಂದ ಮೇಲೆ ಅದರಲ್ಲಿ ಬರುವ ಮೆಸೇಜೂ ಚೀಟಿಯೇ ಎಂದು ಹಿರಿಯರು ಒಂದು ಬೆಳಿಗ್ಗೆ ಕೂತು ತೀರ್ಮಾನ ಮಾಡಿದರು.

ಆದರೆ ಕೋಟೆ ಆಟದ ಬಗ್ಗೆ ಅವರು ಏನೂ ಹೇಳಲಿಲ್ಲ. ಅದಕ್ಕೆ ಬೇರೆ ಏನೋ ಹೆಸರಿತ್ತು, ನಮ್ಮ ಬಾಯಲ್ಲಿ ಅದು ಕೋಟೆ ಆಟವೇ ಆಯಿತು. ರೀಚಾರ್ಜ್ ಅಂಗಡಿಯ ಖಾದರಣ್ಣ ಅದನ್ನು ಒಬ್ಬೊಬ್ಬರ ಮೊಬೈಲಿಗೂ ಹಾಕಿಕೊಟ್ಟ. ಅದರಲ್ಲಿ ಮಂಜು ಮುಚ್ಚಿದ ಒಂದು ನಾಡಿತ್ತು, ಕಾಡಿತ್ತು, ಬೆಂಕಿ ಉಗುಳುವ ಹಾವುಗಳಿದ್ದವು, ನಡುವೆ ಒಂದು ದೊಡ್ಡ ಹೊಳೆ ಇತ್ತು. ಎಲ್ಲೆಲ್ಲಿಯದೋ ಜನ ಅದನ್ನು ಆಡುತ್ತಿದ್ದರು. ಪ್ರತಿಯೊಬ್ಬರೂ ಒಂದು ರೂಪ ಆರಿಸಿಕೊಂಡು ಹೆಸರಿಟ್ಟುಕೊಂಡು ಒಳಗೆ ಹೋಗಬೇಕು. ತೆರೆಯ ಕೆಳಗೆ ಒಂದು ಪಟ್ಟಿ ಇತ್ತು, ಅದರಲ್ಲಿ ಬರೆದದ್ದನ್ನು ಹತ್ತಿರ ನಿಂತವರೆಲ್ಲ ಓದಬಹುದು. ಬೇಕೆಂದರೆ ಒಬ್ಬರಿಗೆ ಮಾತ್ರ ಕಾಣುವಂತೆಯೂ ಬರೆಯಬಹುದು. ಕೊಕ್ಕರೆ ಎಂಬ ಹೆಸರಿನವಳು ಬೂದುಕುದುರೆ ಎಂಬ ಹೆಸರಿನವನಿಗೆ ಬರೆದದ್ದು ಚೀಟಿ ಹೇಗಾದೀತು. ಹೀಗೆ ಊರಿಗೆ ಊರೇ ಇಳಿಹೊತ್ತಿನಲ್ಲಿ ಒಳಗೆ ಹೋಗಿ ಮಾತಾಡತೊಡಗಿತು. ಒಂದೇ ಒಂದು ಕಟ್ಟಳೆ ತಾನಾಗಿಯೇ ಹುಟ್ಟಿಕೊಂಡಿತು: ಅಲ್ಲಿ ಯಾರು ಯಾರೆಂದು ಕೇಳಬಾರದು, ಗೊತ್ತಾದರೂ ಗೊತ್ತಾದಂತೆ ತೋರಿಸಬಾರದು. ಅತ್ತೆಸೊಸೆಯರು ಹೆಗಲಿಗೆ ಹೆಗಲು ಕೊಟ್ಟು ಹಾವು ಕೊಂದದ್ದಿದೆ. ನಮ್ಮವ್ವ ಕೊಡಲಿ ಹಿಡಿದ ಕಾಡುಕೋಣವಾಗಿದ್ದಳು. ಹೊಡೆದಾಟದ ನಡುವೆ ಕಾಡುಕೋಣ ಇದ್ದಕ್ಕಿದ್ದಂತೆ ಹಾಲು ಉಕ್ಕುತ್ತಿದೆ ಎಂದು ಬರೆದು ನಿಂತುಬಿಟ್ಟರೆ ಅದು ಯಾರ ಮನೆಯ ಹಾಲು ಎಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಆದರೂ ಯಾರೂ ಕೇಳಲಿಲ್ಲ.

ಆ ಆಟ ಆಗ ಬಹಳ ನಿಧಾನ. ಈಗಿನವರಿಗೆ ಹೇಳಿದರೆ ನಗುತ್ತಾರೆ. ಚೀಲ ಭಾರವಾದರೆ ನಡಿಗೆ ನಿಧಾನವಾಗುತ್ತಿತ್ತು. ಕಾಡಿನಲ್ಲಿ ಮಂಜು ಇಳಿದರೆ ದಾರಿ ಕಾಣುತ್ತಿರಲಿಲ್ಲ, ದಾರಿ ಗೊತ್ತಿದ್ದವರ ಹಿಂದೆ ಸಾಲಾಗಿ ಹೋಗಬೇಕಿತ್ತು. ಹೊಳೆ ದಾಟಲು ಒಂದೇ ದೋಣಿ. ಅದು ಆಚೆ ದಡದಿಂದ ಬರುವ ತನಕ ಕಡವಿನ ಕಲ್ಲುಮೆಟ್ಟಿಲ ಮೇಲೆ ಕೂತು ಕಾಯಬೇಕು. ದೋಣಿ ನಡೆಸುವ ಅಂಬಿಗ ಆಟದವರೇ ಮಾಡಿಟ್ಟ ಬೊಂಬೆ. ಬರುತ್ತಿದ್ದ, ಸ್ವಲ್ಪ ಹೊತ್ತು ನಿಲ್ಲುತ್ತಿದ್ದ, ಹೋಗುತ್ತಿದ್ದ, ಯಾರು ಏನು ಕೇಳಿದರೂ ಉತ್ತರ ಕೊಡುತ್ತಿರಲಿಲ್ಲ. ಕಡವಿನ ಪಕ್ಕದ ಗೋಡೆಯಲ್ಲಿ ಒಂದು ಮೇಕೆ ಸಿಕ್ಕಿಕೊಂಡಿತ್ತು. ಹಿಂಭಾಗ ಗೋಡೆಯೊಳಗೆ, ಮುಂಭಾಗ ಹೊರಗೆ, ಯಾವಾಗಲೂ ಮೇಯುತ್ತಿರುವಂತೆ ತಲೆಯಾಡಿಸುತ್ತಿತ್ತು. ಅದು ಆಟ ಮಾಡಿದವರ ಕೈತಪ್ಪು ಎಂದು ನಮಗೆ ಆಮೇಲೆ ತಿಳಿಯಿತು. ಆಗ ನಾವು ಅದು ಆ ಜಾಗದ ದೇವರೆಂದೇ ತಿಳಿದಿದ್ದೆವು. ದೂರ ಹೋಗುವ ಮುಂಚೆ ಊರಿನವರೆಲ್ಲ ಅದರ ಮುಂದೆ ಕಾಡಿನ ಹೂ ಇಟ್ಟು ಹೋಗುತ್ತಿದ್ದರು. ಹೊರಗಿನ ಆಟಗಾರರು ಇವರೇಕೆ ಮೇಕೆಗೆ ಹೂ ಹಾಕುತ್ತಾರೆ ಎಂದು ಕೇಳುತ್ತಿದ್ದರು. ಕೆಲವರು ಯಾವುದಕ್ಕೂ ಇರಲಿ ಎಂದು ತಾವೂ ಹಾಕುತ್ತಿದ್ದರು.

ನಾನು ಕೊಕ್ಕರೆ. ಬೆಳಗಿನ ಹೊತ್ತಿನಲ್ಲಿ ನನ್ನ ಬಾಯಿಂದ ಮಾತು ತೆಗೆಸುವುದು ಕಷ್ಟ. ಅಂಗಡಿಗೆ ಹೋದರೂ ಬೆರಳಲ್ಲಿ ತೋರಿಸಿ ತರುತ್ತೇನೆ. ಶಾಲೆಯಲ್ಲಿ ಪಾಠವನ್ನು ಮನಸ್ಸಿನಲ್ಲಿ ಓದು ಎಂದರೆ ಎಲ್ಲರಿಗಿಂತ ಮೊದಲು ಮುಗಿಸುತ್ತಿದ್ದೆ, ಎದ್ದು ನಿಂತು ಓದು ಎಂದರೆ ಗಂಟಲು ಒಣಗಿ ಅಕ್ಷರಗಳೆಲ್ಲ ಒಂದರ ಮೇಲೊಂದು ಹತ್ತುತ್ತಿದ್ದವು. ನಮ್ಮ ಶಾಲೆ ಬೆಳಗಿನದು, ಎಲ್ಲವೂ ಬಾಯಿಪಾಠ. ಏಳನೆಯ ತರಗತಿಯ ಕೊನೆಗೆ ಊರಿನವರನ್ನೆಲ್ಲ ಕರೆದು ಪದ್ಯ ಹೇಳಿಸುತ್ತಾರೆ. ನನ್ನ ಸರದಿ ಬಂತು. ಎದ್ದು ನಿಂತೆ, ನಿಂತೇ ಇದ್ದೆ. ಮುಂದಿನ ಸಾಲಿನಲ್ಲಿ ಅಪ್ಪ ಕೂತಿದ್ದ. ಅವನು ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವವನು, ಊರಿಗೆ ದೊಡ್ಡ ಗಂಟಲು, ಕೂಗು ಚೌಡಪ್ಪ ಎಂದೇ ಹೆಸರು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾಗ ಅವನು ಅಲ್ಲಿಂದಲೇ ಕೇಳಿದ, "ಏನಮ್ಮಿ, ನಿಂಗೆ ಬೆಳಿಗ್ಗೇಲೇ ಮಧ್ಯಾಹ್ನ ಆಗೋಯ್ತಾ?" ಶಾಲೆಯ ಅಂಗಳವೆಲ್ಲ ನಕ್ಕಿತು. ಆ ಬೇಸಿಗೆ ಕಳೆದ ಮೇಲೆ ನಾನು ಶಾಲೆಗೆ ಹೋಗಲಿಲ್ಲ. ಆ ಮಾತು ಮಾತ್ರ ಊರಲ್ಲಿ ಉಳಿಯಿತು. ಯಾರಾದರೂ ಮಾತಿಗೆ ತಡವರಿಸಿದರೆ ಈಗಲೂ ಹಾಗೆಯೇ ಕೇಳುತ್ತಾರೆ. ಅಂದಿನಿಂದ ಅಪ್ಪನೂ ನಾನೂ ಊಟಕ್ಕೆ ಬಾ, ನೀರು ಕಾದಿದೆ, ಇಷ್ಟರಲ್ಲೇ ಮಾತು ಮುಗಿಸಿಕೊಂಡು ಬಂದೆವು.

ಕಡವಿನಲ್ಲಿ ಬೂದುಕುದುರೆಯನ್ನು ಮೊದಲ ಸಲ ಕಂಡ ದಿನವೇ ನನಗೆ ಅವನು ಯಾರೆಂದು ಗೊತ್ತಾಯಿತು. ಬೂದು ಬಣ್ಣದ ಕುದುರೆಯ ಮುಖ, ಮೈಮೇಲೆ ಕಂಬಳಿ, ಕೈಯಲ್ಲಿ ಒಂದು ಲಾಟೀನು. ದೋಣಿ ಬಂದು ನಿಂತಾಗ ಕಾಡಿನ ಅಂಚಿನಲ್ಲಿ ಯಾರೋ ಇಬ್ಬರು ಭಾರದ ಚೀಲ ಹೊತ್ತು ನಿಧಾನವಾಗಿ ಬರುತ್ತಿದ್ದರು. ಬೂದುಕುದುರೆ ದಡದಲ್ಲಿ ನಿಂತು ಅವರಿಗೆ ಬರೆದ: ಒಂದನೇ ಸಾರಿ. ಸ್ವಲ್ಪ ಬಿಟ್ಟು, ಎರಡನೇ ಸಾರಿ. ಅವರು ಮೆಟ್ಟಿಲಿಳಿದು ದೋಣಿಗೆ ಕಾಲಿಟ್ಟ ಮೇಲೆ, ಮೂರನೇ ಸಾರಿ. ನಾನು ನಡುಮನೆಯಲ್ಲಿ ಕೂತಿದ್ದೆ. ಜಗಲಿಯ ಮೇಲೆ ಅಪ್ಪನ ದಪ್ಪ ಬೆರಳು ಮೊಬೈಲಿನ ಗಾಜಿಗೆ ಬಡಿಯುವುದು ಕಿಟಕಿಯಿಂದ ಕೇಳುತ್ತಿತ್ತು. ಅದು ನಿಂತಾಗ ನನ್ನ ತೆರೆಯ ಮೇಲೆ ಅಕ್ಷರ ಮೂಡುತ್ತಿತ್ತು.

ಕೊಕ್ಕರೆ ಯಾರೆಂದು ಅಪ್ಪನಿಗೆ ಗೊತ್ತಾಗಲಿಲ್ಲ. ಕೊಕ್ಕರೆ ಬಹಳ ಮಾತಾಡುತ್ತಿತ್ತು, ಅದಕ್ಕೇ. ಕಾಡಿನ ದಾರಿಗಳೆಲ್ಲ ಅದಕ್ಕೆ ಗೊತ್ತಿದ್ದವು, ಮಂಜಿನಲ್ಲಿ ಜನರನ್ನು ಕರೆದುಕೊಂಡು ಹೋಗುತ್ತಿತ್ತು, ತಪ್ಪಿಲ್ಲದೆ ಬರೆಯುತ್ತಿತ್ತು. ಬರೆಯುವುದನ್ನು ನಾನು ಕಲಿತದ್ದೇ ಅಲ್ಲಿ, ದಿನಾ ಬರೆದು ಬರೆದು. ಇದು ನಿವೃತ್ತಿಯಾದ ಯಾರೋ ಮೇಷ್ಟ್ರೇ ಇರಬೇಕೆಂದು ಅಪ್ಪ ಲೆಕ್ಕ ಹಾಕಿದ. ಕಟ್ಟಳೆಯಂತೆ ಕೇಳಲಿಲ್ಲ, ಆದರೆ ನನಗೊಬ್ಬಳಿಗೇ ಕಾಣುವಂತೆ ಬರೆಯುವಾಗ ಮೇಷ್ಟ್ರೇ ಎಂದು ಕರೆಯತೊಡಗಿದ. ನಾನು ಅಲ್ಲವೆನ್ನಲಿಲ್ಲ. ದೋಣಿ ಕಾಯುತ್ತಾ ನಾವಿಬ್ಬರೂ ಎಷ್ಟು ಇಳಿಹೊತ್ತು ಕಳೆದೆವೋ. ಗೂಡು ಕೈಗೆತ್ತಿಕೊಂಡ ತಕ್ಷಣ ಅದರೊಳಗಿನ ಹುಳ ಯಾವ ಊರಿನ ಸೊಪ್ಪು ತಿಂದಿದೆ ಎಂದು ಹೇಳಬಹುದು ಎಂದು ಬರೆದು, ಹಾಗೆಂದು ನಾವು ಸುಮ್ಮನೆ ಜಂಬ ಕೊಚ್ಚುತ್ತೇವೆ ಎಂದೂ ಬರೆಯುತ್ತಿದ್ದ. ಬೆಳಿಗ್ಗೆಯೆಲ್ಲ ಕೂಗಿ ಕೂಗಿ ಹೊತ್ತು ಇಳಿದಾಗ ಮೈಮೇಲಿನ ಮೂಟೆ ಇಳಿದಂತಾಗುತ್ತದೆ ಎಂದು ಬರೆದದ್ದು ನನಗಿನ್ನೂ ನೆನಪಿದೆ. ಬೆಳಿಗ್ಗೆಯ ಅಪ್ಪನಿಗೆ ಕೇಳಿಸಿಕೊಳ್ಳುವ ವ್ಯವಧಾನವೇ ಇರಲಿಲ್ಲ. ಬೂದುಕುದುರೆ ಒಂದು ಮಾತು ಬರೆದು ಲಾಟೀನು ಕೆಳಗಿಟ್ಟು ಉತ್ತರಕ್ಕೆ ಕಾಯುತ್ತಿತ್ತು.

ಒಂದು ದಿನ ದೋಣಿ ಇನ್ನೂ ಆಚೆ ದಡದಲ್ಲಿದ್ದಾಗ ಅದು ಬರೆಯಿತು: "ಮೇಷ್ಟ್ರೇ, ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ನಂಗೊಬ್ಳು ಮಗಳವ್ಳೆ. ಸ್ಕೂಲಲ್ಲಿ ಎಲ್ಲಾರ ಮುಂದೆ ಅವಳಿಗೆ ಒಂದು ಮಾತು ಅಂದ್ಬಿಟ್ಟೆ. ತಮಾಷೆಗೆ ಅಂದಿದ್ದು. ಅವತ್ತಿಂದ ಅವಳು ಸ್ಕೂಲು ಬಿಟ್ಲು, ನಂಜೊತೆ ಮಾತೂ ಬಿಟ್ಲು. ಈಗ ಅವಳಿಗೆ ನಾನು ಏನಂತ ಹೇಳ್ಲಿ?"

ಕಿಟಕಿಯಾಚೆ ಅಪ್ಪನ ಬೆನ್ನು ಕಾಣುತ್ತಿತ್ತು. ಅವನು ತಿಳಿದುಕೊಂಡದ್ದು ತಪ್ಪು. ಶಾಲೆ ಬಿಟ್ಟದ್ದು ಆ ಮಾತಿಗಲ್ಲ, ಎಂಟನೆಯ ತರಗತಿಯಲ್ಲಿ ದಿನಕ್ಕೊಬ್ಬರು ಎದ್ದು ನಿಂತು ಪಾಠ ಒಪ್ಪಿಸಬೇಕೆಂದು ಕೇಳಿದ್ದೆ, ಅದಕ್ಕೆ. ಆ ಮಾತಾದರೋ ನನಗೆ ಇಷ್ಟವಾಗಿತ್ತು. ಅಲ್ಲಿಯ ತನಕ ನನಗೇನಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಎಲ್ಲರಿಗೂ ಮಧ್ಯಾಹ್ನ ಆಗುವುದು ನನಗೆ ಬೆಳಿಗ್ಗೆಯೇ ಆಗುತ್ತದೆ, ಅಷ್ಟೇ. ಇಳಿಹೊತ್ತಿನಲ್ಲಿ ನಾನೂ ಎಲ್ಲರ ಹಾಗೇ. ಇದನ್ನು ಮೊದಲು ಹೇಳಿದವನು ಅಪ್ಪ. ಜನ ನಕ್ಕಿದ್ದು ನನಗೆ ನೆನಪಿದೆ, ಆದರೆ ಅವರ ನಗುವಿಗಿಂತ ಆ ಮಾತು ದೊಡ್ಡದಾಗಿತ್ತು. ಇದನ್ನೆಲ್ಲ ಸರಿಯಾಗಿ ಬರೆಯಬೇಕು, ಕೊಕ್ಕರೆಯಾಗಿ ಬರೆಯಬೇಕೋ ಮಗಳಾಗಿ ಬರೆಯಬೇಕೋ ಯೋಚಿಸಬೇಕು ಅಂದುಕೊಳ್ಳುವಷ್ಟರಲ್ಲಿ ದೋಣಿ ಬಂತು. ಯೋಚನೆ ಮಾಡಿ ನಾಳೆ ಹೇಳುತ್ತೇನೆ ಎಂದು ಬರೆದೆ. ಆಗಲಿ ಮೇಷ್ಟ್ರೇ, ಅವಸರ ಇಲ್ಲ ಎಂದು ಬೂದುಕುದುರೆ ದಡಕ್ಕೆ ಹೋಗಿ ಒಂದನೇ ಸಾರಿ ಕೂಗಿತು.

ಮಾರನೆಯ ದಿನ ಆಟ ತೆರೆಯಲಿಲ್ಲ. ಬದಲಾವಣೆಯ ಕೆಲಸ ನಡೆದಿದೆ, ಕಾಯಿರಿ ಎಂದಿತ್ತು. ಮತ್ತೆ ತೆರೆದಾಗ ಅದು ಬೇರೆಯೇ ನಾಡಾಗಿತ್ತು. ಮಂಜಿಲ್ಲ, ಎಲ್ಲಿ ನಿಂತರೂ ಕೋಟೆಯ ತುದಿ ಕಾಣುತ್ತದೆ. ಚೀಲಕ್ಕೆ ಭಾರವಿಲ್ಲ. ದಾರಿಯುದ್ದಕ್ಕೂ ನೆಲದ ಮೇಲೆ ಹೊಳೆಯುವ ಗೆರೆ, ಅದನ್ನು ಮುಟ್ಟಿದರೆ ಕಾಲು ತಾನಾಗಿಯೇ ನಡೆಯುತ್ತದೆ, ದಾರಿ ತೋರಿಸುವ ಕೊಕ್ಕರೆಯ ಅಗತ್ಯ ಯಾರಿಗೂ ಇಲ್ಲ. ಕಡವಿದ್ದಲ್ಲಿ ನೀಲಿ ಬೆಳಕಿನ ಒಂದು ಬಾಗಿಲು ನಿಂತಿತ್ತು. ಇಲ್ಲಿ ಕಾಲಿಟ್ಟರೆ ಆಚೆ ದಡ. ದೋಣಿಯಿಲ್ಲ, ಅಂಬಿಗನಿಲ್ಲ, ಕೂರಲು ಮೆಟ್ಟಿಲೂ ಇಲ್ಲ. ಮೇಕೆಯನ್ನು ಗೋಡೆಯಿಂದ ಬಿಡಿಸಿ ಎಲ್ಲೋ ಕಳಿಸಿದ್ದರು. ಬರೆಯುವ ಪಟ್ಟಿಯನ್ನೂ ತೆಗೆದುಬಿಟ್ಟಿದ್ದರು. ಅದರ ಜಾಗದಲ್ಲಿ ಒಂದು ಗುಂಡಿ, ಅದನ್ನು ಒತ್ತಿ ಬಾಯಿಂದಲೇ ಮಾತಾಡಬೇಕು. ಮಾತು ಬೇಡವೆಂದರೆ ನಗುವ ಮುಖ, ಅಳುವ ಮುಖ, ಹೆಬ್ಬೆರಳು.

ಮೊದಲ ದಿನ ಏನಾಯಿತೆಂದು ನಮ್ಮ ಬೀದಿಯವರು ಯಾರೂ ಮರೆತಿಲ್ಲ. ಉತ್ತರ ಕೊಡಲಾಗದವರ ಮುಂದೆ ಮಾತಾಡಬಾರದು ಎಂದು ಅಜ್ಜಿಯ ಕಾಲದಿಂದ ಇಳಿಹೊತ್ತಿನಲ್ಲಿ ರೇಡಿಯೋ ಕೂಡ ಹಾಕದ ಊರು ನಮ್ಮದು. ಅಂಥ ಊರಿನ ಮನೆಮನೆಯಿಂದಲೂ ಗುರುತಿಲ್ಲದ ಜನರ ದನಿಗಳು ಎದ್ದವು. ಅಲ್ಲಿ ಯಾರಾದ್ರೂ ಇದ್ದೀರಾ, ಕೇಳ್ತಾ ಇದೆಯಾ, ಮಾತಾಡ್ರೀ ಎಂದು ಒಂದೇ ಸಮ ಕೇಳುತ್ತಿದ್ದವು. ಎದುರುಮನೆಯ ಮುದುಕಿ ನಿದ್ದೆಯಿಂದ ಎದ್ದು ಬೀದಿಗೆ ಬಂದು ಸುತ್ತ ನೋಡಿದಳು. ನಾವೆಲ್ಲ ಗುಂಡಿ ಒತ್ತಿ ಬಾಯಿ ತೆರೆದೆವು, ಬರೀ ಉಸಿರು ಹೋಯಿತು. ಹೆಬ್ಬೆರಳು ತೋರಿಸಿದೆವು. ಸ್ವಲ್ಪ ದಿನಕ್ಕೆ ಹೊರಗಿನವರು ನಮ್ಮನ್ನೂ ಆಟದವರೇ ಮಾಡಿಟ್ಟ ಬೊಂಬೆಗಳು ಎಂದು ತಿಳಿದುಕೊಂಡರು.

ನೀಲಿ ಬಾಗಿಲ ಪಕ್ಕದಲ್ಲಿ ಬೂದುಕುದುರೆ ಲಾಟೀನು ಹಿಡಿದು ನಿಂತಿತ್ತು. ನಾನು ಎದುರಿಗೆ ಹೋಗಿ ನಿಂತೆ. ಅದು ಹೆಬ್ಬೆರಳು ತೋರಿಸಿತು. ನಾನೂ ತೋರಿಸಿದೆ. ಅಂದು ಕೇಳಿದ ಪ್ರಶ್ನೆಗೆ ಹೆಬ್ಬೆರಳಿನಲ್ಲಿ ಏನು ಉತ್ತರ ಹೇಳಲಿ. ನಗುವ ಮುಖ ಹಾಕಿದರೆ ಮಗಳ ಸಂಗತಿಗೆ ನಕ್ಕಂತೆ, ಅಳುವ ಮುಖ ಹಾಕಿದರೆ ನಿನ್ನದೇ ತಪ್ಪು ಎಂದಂತೆ. ಬಾಗಿಲಿಂದ ಮೂರ್ನಾಲ್ಕು ಹುಡುಗರು ಹೊರಬಂದರು. ಅವರಲ್ಲೊಬ್ಬನ ದನಿ ನನ್ನ ಮೊಬೈಲಿನಿಂದಲೂ ಜಗಲಿಯ ಮೊಬೈಲಿನಿಂದಲೂ ಒಟ್ಟಿಗೇ ಕೇಳಿಸಿತು: "ಇದು ಬರೀ ಬೊಂಬೆ ಕಣೋ, ನೀರಿಗೆ ತಳ್ಳು." ತಳ್ಳಿದರು. ಲಾಟೀನು ದಡದ ಮೇಲೆ ಉಳಿಯಿತು. ಅಪ್ಪ ಮೊಬೈಲನ್ನು ಬೋರಲು ಹಾಕಿದ್ದು ಅವತ್ತು.

ಎಲ್ಲರಿಗೂ ಇದು ಕೆಟ್ಟದ್ದೇನೂ ಆಗಲಿಲ್ಲ. ಅವ್ವನಿಗೆ ಹೊಸ ಆಟವೇ ಸರಿಹೋಯಿತು. ಈಗ ಕಾಡುಕೋಣ ತಾನಾಗಿಯೇ ಕೊಡಲಿ ಬೀಸುತ್ತದೆ, ಅವ್ವ ಮೊಬೈಲನ್ನು ಬೋಗುಣಿಯ ಪಕ್ಕಕ್ಕೆ ಒರಗಿಸಿಟ್ಟು ಸೊಪ್ಪು ಬಿಡಿಸುತ್ತಾಳೆ. ಒಂದು ಬೆಳಿಗ್ಗೆ ಖಾದರಣ್ಣನ ಅಂಗಡಿಯ ಮುಂದೆ ಹಳೆಯ ಆಟದ ಮಾತು ಬಂದಾಗ ಅವಳು ಹೇಳಿದಳು, "ಅಲ್ಲಿ ಕಾದೂ ಕಾದೂ ನಂಗೆ ಸೊಂಟ ಹಿಡ್ಕತಿತ್ತು. ಈಗ ಹಾಲೂ ಉಕ್ಕಲ್ಲ, ಹಾವೂ ಸಾಯ್ತದೆ." ಖಾದರಣ್ಣ ಅವ್ವನ ಕಡೆ ನೋಡದೆ, ಯಾರ ಮನೆ ಹಾಲಕ್ಕ ಅದು ಎಂದ. ಅವ್ವ ರೀಚಾರ್ಜಿನ ದುಡ್ಡು ಎಣಿಸಿ ಕೊಟ್ಟಳು. ಕಟ್ಟಳೆ ಆಗಲೂ ಇತ್ತು.

ಅದೇ ವರ್ಷ ಮಾರ್ಕೆಟ್ಟಿನಲ್ಲಿಯೂ ಕೂಗುವ ಹರಾಜು ನಿಂತಿತು. ಈಗ ಕೊಳ್ಳುವವರು ಗೂಡಿನ ರಾಶಿ ನೋಡಿ ತಮ್ಮ ತಮ್ಮ ಮೊಬೈಲಿನಲ್ಲೇ ಬೆಲೆ ಒತ್ತುತ್ತಾರೆ. ಅಪ್ಪನಿಗೆ ರಾಶಿಗಳ ನಡುವೆ ಓಡಾಡಿ ನಂಬರಿನ ಹಲಗೆ ಸರಿಮಾಡುವ ಕೆಲಸ ಕೊಟ್ಟರು. ಬೆಳಿಗ್ಗೆ ಕೂಗಲು ಇಲ್ಲ, ಇಳಿಹೊತ್ತಿನಲ್ಲಿ ಬರೆಯಲು ಇಲ್ಲ. ದೀಪ ಹಚ್ಚಿದ ಮೇಲೂ ಅವನ ಮಾತು ಕಡಿಮೆಯಾಯಿತು. ಎಷ್ಟೋ ಸಂಜೆ ಅವನ ಮುಂದೆ ತಟ್ಟೆ ಇಡುವಾಗ ಹೇಳಿಬಿಡೋಣ ಅಂದುಕೊಂಡಿದ್ದೇನೆ. ತಟ್ಟೆ ಇಡುತ್ತಿದ್ದೆ, ನೀರು ಇಡುತ್ತಿದ್ದೆ, ಗಂಟಲಲ್ಲಿ ಮಧ್ಯಾಹ್ನ ಆಗುತ್ತಿತ್ತು. ಕಡವಿನಲ್ಲಿ ಕೂತರೆ ನಾನು ಕೊಕ್ಕರೆ. ಎದುರಿಗೆ ಕೂತರೆ ಮಗಳು. ಮಗಳಿಗೆ ಆ ಮಾತು ಬರುತ್ತಿರಲಿಲ್ಲ.

ಅವರೆಕಾಳು ಹಿಚುಕುತ್ತಿದ್ದ ದಿನ ಅವ್ವ ಇದ್ದಕ್ಕಿದ್ದಂತೆ ಒದ್ದೆ ಕೈಯಲ್ಲೇ ತನ್ನ ಮೊಬೈಲನ್ನು ನನ್ನ ಕಡೆ ತಳ್ಳಿದಳು. ಕಾಡುಕೋಣದ ತಲೆಯ ಮೇಲೆ ಒಂದು ಪ್ರಕಟಣೆ ಬಂದಿತ್ತು. ಹಳೆಯ ಆಟಗಾರರು ಬಹಳ ಕೇಳಿಕೊಂಡಿದ್ದರಿಂದ ಹಳೆಯ ನಾಡನ್ನು ಹೇಗಿತ್ತೋ ಹಾಗೆಯೇ ಇವತ್ತಿನಿಂದ ಈ ಶುಕ್ರವಾರ ಸೂರ್ಯ ಮುಳುಗುವ ತನಕ ತೆರೆದಿಡುತ್ತೇವೆ, ಆಮೇಲೆ ಶಾಶ್ವತವಾಗಿ ಮುಚ್ಚುತ್ತೇವೆ ಎಂದಿತ್ತು. ಅವ್ವ ಜಗಲಿಯ ಕಡೆಗೆ ಗದ್ದ ಎತ್ತಿ ತೋರಿಸಿ, ಮತ್ತೆ ತಲೆ ಬಗ್ಗಿಸಿ ಕಾಳಿಗೆ ಕೈ ಹಾಕಿದಳು. ಅವಳಿಗೆ ಎಷ್ಟು ಗೊತ್ತಿತ್ತೋ ನಾನು ಇಂದಿಗೂ ಕೇಳಿಲ್ಲ.

ನಾನು ಆಗಲೇ ಒಳಗೆ ಹೋದೆ. ಮಂಜಿತ್ತು. ಚೀಲ ಮತ್ತೆ ಭಾರವಾಗಿತ್ತು. ಬರೆಯುವ ಪಟ್ಟಿ ಕೆಳಗಿತ್ತು, ಅದನ್ನು ನೋಡಿ ಕಣ್ಣು ತುಂಬಿತು. ಕಡವಿನ ಮೆಟ್ಟಿಲ ಮೇಲೆ ನಮ್ಮೂರಿನವರು ಒಬ್ಬೊಬ್ಬರೇ ಬಂದು ಕೂತರು. ಮೊದಲ ದಿನ ಎಲ್ಲರೂ ಒಟ್ಟಿಗೇ ಬರೆದು ಯಾವುದೂ ಓದಲಾಗಲಿಲ್ಲ. ಎರಡನೆಯ ದಿನಕ್ಕೆ ಬರೆಯಲು ಅಷ್ಟೇನೂ ಉಳಿದಿರಲಿಲ್ಲ. ಹೊರಗಿನವರು ಬಂದು ಮೆಟ್ಟಿಲ ಮುಂದೆ ನಿಂತು ಚಿತ್ರ ತೆಗೆದುಕೊಂಡು, ಇಷ್ಟು ನಿಧಾನ ಹೇಗೆ ಆಡುತ್ತಿದ್ದೆವೋ ಎಂದು ಬರೆದು ಹೋದರು. ಮೇಕೆ ಗೋಡೆಯಲ್ಲಿರಲಿಲ್ಲ. ಹೇಗಿತ್ತೋ ಹಾಗೆಯೇ ಎಂದು ಹೇಳಿದವರು ಮೇಕೆಯ ತಪ್ಪನ್ನು ಮಾತ್ರ ಸರಿಪಡಿಸಿಯೇ ತಂದಿದ್ದರು. ಅದು ಗೋಡೆಯಾಚೆ ನಾಲ್ಕೂ ಕಾಲಿನ ಮೇಲೆ ಮೇಯುತ್ತಿತ್ತು. ಯಾರೋ ಅದರ ಮುಂದೆ ಹೂ ಇಟ್ಟರು. ಅದು ನಡೆದುಹೋಯಿತು.

ಬೂದುಕುದುರೆ ಬರಲಿಲ್ಲ. ಖಾದರಣ್ಣ ಅಪ್ಪನಿಗೆ ಸುದ್ದಿ ಹೇಳಿದನಂತೆ. ನೀರಿಗೆ ಬಿದ್ದವನು ಮತ್ತೆ ದಡ ಹುಡುಕೋದಾ, ಬಿಡಪ್ಪ ಎಂದು ಅಪ್ಪ ನಕ್ಕು ಎದ್ದುಬಂದನೆಂದು ಅವ್ವ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಯಾರಿಗೋ ಹೇಳುವಂತೆ ಹೇಳಿದಳು. ಹೀಗೇ ಶುಕ್ರವಾರ ಬಂತು.

ಶುಕ್ರವಾರ ಬೆಳಿಗ್ಗೆ ನಾನು ಮಾರ್ಕೆಟ್ಟಿಗೆ ಹೋದೆ. ಅಲ್ಲಿಗೆ ನಾನು ಹೋಗುವವಳಲ್ಲ. ಚಿಕ್ಕಂದಿನಲ್ಲಿ ಅಪ್ಪನ ಕೂಗು ಕೇಳಿ ಬಾಗಿಲಿಂದಲೇ ವಾಪಸು ಓಡಿಬಂದಿದ್ದೆ. ಈಗ ಆ ದೊಡ್ಡ ಚಾವಣಿಯ ಕೆಳಗೆ ಬಿಳಿ, ಹಳದಿ ಗೂಡಿನ ರಾಶಿಗಳ ನಡುವೆ ಜನ ಮೊಬೈಲು ನೋಡುತ್ತಾ ನಡೆಯುತ್ತಿದ್ದರು. ಅಪ್ಪ ಒಂದು ರಾಶಿಯ ಪಕ್ಕ ಬಗ್ಗಿ ಹಲಗೆ ನೆಟ್ಟಗೆ ಮಾಡುತ್ತಿದ್ದ. ನಾನು ಹೋಗಿ ಎದುರಿಗೆ ನಿಂತೆ. ಅವನು ತಲೆಯೆತ್ತಿ ನೋಡಿ, ಮನೆಯಲ್ಲಿ ಏನಾಯಿತು ಎಂದು ಕೇಳಿದ. ಏನಿಲ್ಲ ಎಂದು ತಲೆಯಾಡಿಸಿದೆ. ಮತ್ತೇನು ಎಂದ. ಬಾಯಿ ತೆರೆದೆ, ಏನೂ ಬರಲಿಲ್ಲ. ನಿಂತೇ ಇದ್ದೆ. ಚಾವಣಿಯ ಕಿಂಡಿಯಿಂದ ಬೀಳುವ ಬಿಸಿಲಿನ ಚೌಕ ನನ್ನ ಕಾಲಿನ ಹತ್ತಿರ ಸರಿದು ಬರುತ್ತಿತ್ತು. ಅದು ನಡುಗಂಬದ ಬುಡ ಮುಟ್ಟಿದರೆ ಹೊತ್ತು ಇಳಿಯಿತೆಂದು ಮಾರ್ಕೆಟ್ಟಿನವರು ಲೆಕ್ಕ ಇಟ್ಟುಕೊಂಡಿದ್ದರು. ಅದು ಕಂಬದ ಹತ್ತಿರಕ್ಕೆ ಬಂದಿತ್ತು. ತೂಕದ ಹತ್ತಿರ ನಿಂತು ನಮ್ಮನ್ನೇ ನೋಡುತ್ತಿದ್ದ ಒಬ್ಬ ಯಜಮಾನರು ನಕ್ಕರು. "ಚೌಡಪ್ಪನ ಮಗಳಲ್ವೇನವ್ವ ನೀನು? ಏನು, ಬೆಳಿಗ್ಗೇಲೇ ಮಧ್ಯಾಹ್ನ ಆಗೋಯ್ತಾ?"

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆ ಮಾತು ಮೊದಲು ಯಾರದೆಂದು ಅವರಿಗೆ ನೆನಪಿತ್ತೋ ಇಲ್ಲವೋ. ಅಪ್ಪನಿಗೆ ನೆನಪಿತ್ತು. ಅವನ ಮುಖ ಸಣ್ಣದಾಯಿತು. ಹಲಗೆ ಹಿಡಿದ ಕೈ ಅಲ್ಲೇ ನಿಂತಿತು, ಕಣ್ಣು ನೆಲಕ್ಕೆ ಹೋಯಿತು. ಅಪ್ಪನನ್ನು ನಾನು ಹಾಗೆ ನೋಡಿರಲಿಲ್ಲ. ಆಗ ನನ್ನ ಗಂಟಲು ಬಿಟ್ಟಿತು.

"ಅಪ್ಪ, ಇವತ್ತು ಕಡವಿಗೆ ಬಾ. ಮೇಷ್ಟ್ರು ಉತ್ತರ ಹೇಳ್ತಾರೆ."

ಮೇಷ್ಟ್ರು ಎಂಬ ಆ ಹೆಸರನ್ನು ಬೂದುಕುದುರೆ ಬರೆದದ್ದು ಕೊಕ್ಕರೆಗೆ ಮಾತ್ರ. ಅದನ್ನು ಓದಿದವರು ಜಗತ್ತಿನಲ್ಲಿ ಇನ್ನೊಬ್ಬರಿಲ್ಲ. ಅಪ್ಪ ನನ್ನನ್ನು ನೋಡಿದ. ಮೊದಲು ಏನೂ ಅರ್ಥವಾಗದವನ ಹಾಗೆ, ಆಮೇಲೆ ಒಂದೊಂದಾಗಿ ಎಲ್ಲ ಇಳಿಹೊತ್ತುಗಳನ್ನೂ ಹಿಂದಕ್ಕೆ ತಿರುವಿ ಹಾಕುತ್ತಿರುವವನ ಹಾಗೆ. ಅವನ ತುಟಿ ಬಿಚ್ಚಿತು. ಊರಿಗೆ ದೊಡ್ಡ ಗಂಟಲಿನಿಂದ ಒಂದು ಉಸಿರು ಮಾತ್ರ ಹೊರಗೆ ಬಂತು. ಬಿಸಿಲಿನ ಚೌಕ ಕಂಬದ ಬುಡದಲ್ಲಿತ್ತು. ತೂಕದ ಹತ್ತಿರದ ನಗು, ಬಾಗಿಲ ಹತ್ತಿರದ ಮಾತು, ಚಾವಣಿಯ ಕೆಳಗಿನ ಗುಸುಗುಸು ಎಲ್ಲ ಒಂದೇ ಸಲಕ್ಕೆ ನಿಂತವು.

ನಾನು ಮನೆಗೆ ಬಂದು ಕಡವಿನಲ್ಲಿ ಕೂತೆ. ಊರಿನವರು ಕೆಲವರಿದ್ದರು, ಬೀಳ್ಕೊಡುವ ಮಾತೆಲ್ಲ ಮುಗಿದು ಸುಮ್ಮನೆ ನೀರು ನೋಡುತ್ತಿದ್ದರು. ದೋಣಿ ಎಷ್ಟೋ ಸಲ ಬಂದು ಹೋಯಿತು. ಬಿಸಿಲು ಜಗಲಿಯಿಂದ ಇಳಿದ ಮೇಲೆ ಅಪ್ಪ ಬಂದ. ಚಪ್ಪಲಿ ಬಿಟ್ಟು, ಕಾಲೂ ತೊಳೆಯದೆ, ಗೋಡೆಗೆ ಒರಗಿ ಕೂತು ಮೊಬೈಲು ಕೈಗೆತ್ತಿಕೊಂಡ. ಅವನ ಬೆರಳು ಗಾಜಿಗೆ ಬಡಿಯುವ ಸದ್ದು ಕಿಟಕಿಯಿಂದ ಕೇಳಿಸಿತು. ಎದ್ದು ನೋಡಿದೆ. ವರ್ಷದಿಂದ ಮುಟ್ಟದ ಆಟ, ಈ ನಡುವೆ ಆದ ಬದಲಾವಣೆಗಳನ್ನೆಲ್ಲ ಇಳಿಸಿಕೊಳ್ಳದೆ ಒಳಗೆ ಬಿಡುವುದಿಲ್ಲ ಎನ್ನುತ್ತಿತ್ತು. ತೆರೆಯ ಮೇಲೆ ಒಂದು ಹಸಿರು ಗೆರೆ ಇರುವೆಯ ಹಾಗೆ ಮುಂದಕ್ಕೆ ಹೋಗುತ್ತಿತ್ತು. ನಮ್ಮ ಬೀದಿಯಲ್ಲಿ ಸಿಗ್ನಲ್ ಯಾವಾಗಲೂ ಅಷ್ಟೇ. ಅಪ್ಪ ಎದ್ದು ಜಗಲಿಯ ತುದಿಗೆ ಹೋಗಿ ಮೊಬೈಲನ್ನು ಮೇಲಕ್ಕೆ ಹಿಡಿದ. ಮತ್ತೆ ಬಂದು ಕೂತ. ಗೆರೆ ಅರ್ಧ ದಾಟಿತ್ತು. ಅವನು ತಲೆ ತಿರುಗಿಸಿ ಕಿಟಕಿಯಲ್ಲಿದ್ದ ನನ್ನನ್ನು ನೋಡಿ, ಒಂದು ಕೈಯನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ತಂದ. ತಡಿ ಎನ್ನುವುದಕ್ಕೆ ನಮ್ಮೂರಿನ ಸನ್ನೆ ಅದು.

ಅವ್ವ ದೀಪದ ಬತ್ತಿ ಹೊಸೆಯುತ್ತಾ ದೇವರ ಗೂಡಿನ ಮುಂದೆ ನಿಂತಿದ್ದಳು. ಹೊರಗೆ ಬಿಸಿಲು ಎದುರುಮನೆಯ ಮಾಡಿನ ಮೇಲೆ ಮಾತ್ರ ಉಳಿದಿತ್ತು. ಆಟದೊಳಗೂ ಹೊಳೆ ಕೆಂಪಾಗಿತ್ತು. ಕೊನೆಯ ದೋಣಿ ಬಂದು ಮೆಟ್ಟಿಲಿಗೆ ತಾಗಿತು. ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಹತ್ತಿದರು. ನಾನು ಹತ್ತದೆ, ಬೂದುಕುದುರೆ ನಿಲ್ಲುತ್ತಿದ್ದ ಕಲ್ಲಿನ ಮೇಲೆ ಹೋಗಿ ನಿಂತೆ. ಒಂದನೇ ಸಾರಿ ಎಂದು ಬರೆದೆ. ಕಿಟಕಿಯಾಚೆ ನೋಡಿದೆ, ಗೆರೆ ಇನ್ನೂ ಮುಟ್ಟಿರಲಿಲ್ಲ. ಎರಡನೇ ಸಾರಿ ಎಂದು ಬರೆದೆ. ಅವ್ವ ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡಳು, ನನ್ನನ್ನು ನೋಡಿ ಹಾಗೆಯೇ ಹಿಡಿದು ನಿಂತಳು. ಮೂರನೆಯದನ್ನು ನಾನು ಬರೆಯಲಿಲ್ಲ. ದೋಣಿಯಲ್ಲಿದ್ದವರೆಲ್ಲ ಓದುವಂತೆ, ಕಟ್ಟಳೆ ಮುರಿದು, ಹೀಗೆ ಬರೆದೆ:

"ಅಂಬಿಗಣ್ಣ, ದೋಣಿ ಸ್ವಲ್ಪ ನಿಲ್ಲಿಸು. ನಮ್ಮಪ್ಪ ಬರ್ತಾ ಇದಾನೆ."

ಅಂಬಿಗ ಹುಟ್ಟು ಹಿಡಿದು ಆಚೆ ದಡವನ್ನೇ ನೋಡುತ್ತಿದ್ದ.